ಚಿಕ್ಕಹನುಮಯ್ಯನವರ ಮಾತು

ಬಸವರಾಜ್ ನೈರೋಬಿಗೆ ಬಂದು ಹತ್ತೊಂಬತ್ತು ವರ್ಷವಾಗಿತ್ತು. ಅಂತರರಾಷ್ಟ್ರೀಯ ಸಂಸ್ಥೆಯೊಂದರಲ್ಲಿ ಕುಡಿಯುವ ನೀರಿನ ಎಂಜಿನಿಯರ್. ಲೊರೆಶೋದಲ್ಲಿ ಮನೆ, ಹೆಂಡತಿ ಸುಮತಿ, ಒಬ್ಬಳೇ ಮಗಳು ಸಮೀಕ್ಷಾ. ಕನ್ನಡ ಸಂಘದವರು ಪ್ರತಿ ನವೆಂಬರಿನಲ್ಲಿ ಕರೆನ್ ಬಡಾವಣೆಯ ಶಾಲೆಯೊಂದರ ಹಾಲ್ ಹಿಡಿದು ರಾಜ್ಯೋತ್ಸವ ಮಾಡುತ್ತಿದ್ದರು. ಊಟಕ್ಕೆ ಮುಂಚಿನ ಭಾಷಣ ಯಾವಾಗಲೂ ಬಸವರಾಜ್ ಅವರದೇ. ಭಾಷಣ ಎಲ್ಲಿಂದ ಶುರುವಾದರೂ ಕೊನೆಗೆ ಬಂದು ನಿಲ್ಲುವುದು ಅವರ ತಾತನ ಹತ್ತಿರ.

ತಾತ ಗುರುಶಾಂತಪ್ಪ ತುಮಕೂರು ಸೀಮೆಯ ಕಲ್ಲುಗುಡ್ಡನಹಳ್ಳಿಯ ಪಟೇಲರು. ಹಳೇ ಮೈಸೂರು ರಾಜ್ಯದ ಕೆಳಮನೆಯಾಗಿದ್ದ ಪ್ರಜಾಪ್ರತಿನಿಧಿ ಸಭೆಯಲ್ಲಿ ಆರು ವರ್ಷ ಸದಸ್ಯರಾಗಿದ್ದವರು. ೧೯೨೯ರ ದಸರಾ ಅಧಿವೇಶನದಲ್ಲಿ, ದಿವಾನರ ಎದುರಿಗೆ, ಜರಿ ಪೇಟದ ಜಮೀನ್ದಾರರೆಲ್ಲ ಕೂತಿದ್ದ ಸಭೆಯಲ್ಲಿ ಅವರು ಎದ್ದು ನಿಂತರಂತೆ. ಊರ ಬಾವಿಯನ್ನು ಹೊಲಗೇರಿಯವರಿಗೂ ಬಿಡಬೇಕು ಅಂದರಂತೆ. "ನೀರಿಗೆ ಜಾತಿಯಿಲ್ಲ ಮಹಾಸ್ವಾಮಿ!" ಬಸವರಾಜ್ ಈ ಮಾತನ್ನು ಕೈ ಮೇಲೆತ್ತಿ ಹೇಳುತ್ತಿದ್ದರು. "ಆ ತಾತನ ಮೊಮ್ಮಗ ಇವತ್ತು ಟುರ್ಕಾನಾದ ಬರಡು ಸೀಮೆಯಲ್ಲಿ ಬೋರ್‌ವೆಲ್ ಹಾಕಿಸ್ತಿದಾನೆ" ಎಂದು ಮುಗಿಸುತ್ತಿದ್ದರು. ಜನ ಚಪ್ಪಾಳೆ ಹೊಡೆಯುತ್ತಿದ್ದರು.

ಮೈಕು ನೋಡಿಕೊಳ್ಳುತ್ತಿದ್ದವನು ಗೋಪಾಲ್. ಇಂಡಸ್ಟ್ರಿಯಲ್ ಏರಿಯಾದ ಟೈಲ್ಸ್ ಗೋಡೌನಿನಲ್ಲಿ ಮ್ಯಾನೇಜರ್. ಕಂಪನಿಯ ಪಿಕಪ್‌ನಲ್ಲಿ ಸ್ಪೀಕರು, ಕುರ್ಚಿ, ಅನ್ನದ ಡಬರಿ ಎಲ್ಲ ತಂದಿಳಿಸಿ, ಹೆಂಡತಿ ವಿಜಿಯ ಜೊತೆ ಮೂರನೇ ಸಾಲಿನಲ್ಲಿ ಕೂರುತ್ತಿದ್ದ. ಅವನೂ ಕಲ್ಲುಗುಡ್ಡನಹಳ್ಳಿಯವನೇ. ಅದು ಗೊತ್ತಾದಾಗ ಬಸವರಾಜ್ ಅವನ ಬೆನ್ನು ತಟ್ಟಿ "ನಮ್ಮೂರ ಹುಲಿ ಕಣಯ್ಯ ನೀನು" ಎಂದಿದ್ದರು. ಊರಿನಲ್ಲಿ ಅವನ ಮನೆ ಯಾವ ಕಡೆ ಎಂದು ಕೇಳಿರಲಿಲ್ಲ. ಕೇಳದಿರುವುದೇ ದೊಡ್ಡತನ ಎಂದುಕೊಂಡಿದ್ದರು. ಗೋಪಾಲ್ ಒಂದೇ ಒಂದು ಸಲ, ಕೇಬಲ್ ಸುತ್ತುತ್ತಾ ಕೇಳಿದ್ದ: "ಆ ಸಭೆಯ ನಡವಳಿ ಪುಸ್ತಕ ನೀವು ನೋಡಿದೀರಾ ಸಾರ್?"

"ನೋಡೋದೇನು, ನಮ್ಮಪ್ಪನೇ ಹೇಳ್ತಿದ್ರಲ್ಲ."

"ಹೌದಾ ಸಾರ್" ಎಂದು ಕೇಬಲ್ ಸುತ್ತುವುದನ್ನು ಮುಂದುವರಿಸಿದ್ದ.

ಬಸವರಾಜ್‌ಗೆ ಅರವತ್ತು ತುಂಬುವ ವರ್ಷ ಸಮೀಕ್ಷಾ ಇಂಗ್ಲೆಂಡಿನಲ್ಲಿ ಇತಿಹಾಸದ ಎಂ.ಎ. ಮುಗಿಸಿ ಬಂದಳು. ಅಪ್ಪನಿಗೆ ಉಡುಗೊರೆಯಾಗಿ ಮುತ್ತಾತನ ಭಾಷಣದ ಪುಟವನ್ನೇ ಫ್ರೇಮ್ ಹಾಕಿಸಿಕೊಡೋಣವೆಂದು ಬೆಂಗಳೂರಿನ ಗೆಳತಿಯಿಂದ ಆ ಅಧಿವೇಶನದ ನಡವಳಿ ಸ್ಕ್ಯಾನ್ ಮಾಡಿಸಿ ತರಿಸಿಕೊಂಡಳು. ಅಕ್ಟೋಬರಿನ ಒಂದು ಭಾನುವಾರ, ತಿಂಡಿ ಮುಗಿದ ಮೇಲೆ, ಲ್ಯಾಪ್‌ಟಾಪನ್ನು ಅಪ್ಪನ ಮುಂದಿಟ್ಟಳು. ಮುಖದಲ್ಲಿ ನಗುವಿರಲಿಲ್ಲ.

"ಅಪ್ಪಾ, ಪ್ಲೀಸ್ ರೀಡ್ ಇಟ್ ಯುವರ್‌ಸೆಲ್ಫ್."

ಬಾವಿಯ ಮನವಿ ಮಂಡಿಸಿದವರು ನಾಮನಿರ್ದೇಶಿತ ಸದಸ್ಯ, ಕಲ್ಲುಗುಡ್ಡನಹಳ್ಳಿಯ ಚಿಕ್ಕಹನುಮಯ್ಯ, ಆದಿಕರ್ನಾಟಕ. 'ನೀರಿಗೆ ಜಾತಿಯಿಲ್ಲ' ಎಂದವರೂ ಅವರೇ. ಅದರ ಕೆಳಗೆ ಗುರುಶಾಂತಪ್ಪನವರ ಹೆಸರಿತ್ತು. ಅವರು ಮನವಿಯನ್ನು ವಿರೋಧಿಸಿದ್ದರು. 'ನೀರಿಗಿಲ್ಲ, ಒಪ್ಪಿದೆ. ಆದರೆ ಕೊಡಕ್ಕಿದೆಯಷ್ಟೆ?' ಎಂದಿದ್ದರು. ಅದರ ಮುಂದೆ ಆವರಣದೊಳಗೆ ಒಂದೇ ಪದ ಅಚ್ಚಾಗಿತ್ತು: ನಗು. ಆಮೇಲೆ ಇನ್ನೂ ಇಬ್ಬರು ವಿರೋಧಿಸಿದ್ದರು. ಚಿಕ್ಕಹನುಮಯ್ಯ ಮನವಿಯನ್ನು ಹಿಂದಕ್ಕೆ ಪಡೆದಿದ್ದರು.

ಬಸವರಾಜ್ ಎರಡು ಸಲ ಓದಿದರು. ಅಪ್ಪ ಸುಳ್ಳು ಹೇಳಿದ್ದರೋ, ಅಪ್ಪನಿಗೇ ಯಾರಾದರೂ ಸುಳ್ಳು ಹೇಳಿದ್ದರೋ. ಚಿಕ್ಕಹನುಮಯ್ಯನವರ ಹೆಸರಿನ ಮೇಲೆ ಬೆರಳಿಟ್ಟರು. "ನಮ್ಮ ಗೋಪಾಲ್... ಸಂಘದ ರಿಜಿಸ್ಟರಲ್ಲಿ ಸಿ.ಎಚ್. ಗೋಪಾಲ್ ಅಂತಿದೆ. ಸಿ.ಎಚ್. ಅಂದ್ರೆ ಚಿಕ್ಕಹನುಮಯ್ಯ. ಅವನ ತಾತ ಇರಬೇಕು."

"ದೆನ್ ಯು ಹ್ಯಾವ್ ಟು ಟೆಲ್ ಹಿಮ್" ಎಂದಳು ಸಮೀಕ್ಷಾ.

ಸುಮತಿ ತಟ್ಟೆ ಎತ್ತುತ್ತಿದ್ದವಳು ನಿಂತಳು. "ತೊಂಬತ್ತು ವರ್ಷದ ಹಿಂದಿನ ಮಾತು. ಯಾರು ಹುಡುಕ್ಕೊಂಡು ಹೋಗ್ತಾರೆ? ಇನ್ಮೇಲೆ ಆ ಕತೆ ಹೇಳಬೇಡಿ, ಅಷ್ಟು ಸಾಕು."

"ಇಲ್ಲ, ಹೇಳ್ತೀನಿ" ಎಂದರು ಬಸವರಾಜ್. "ಅವನ ಹತ್ರಾನೇ ಹೋಗಿ ಹೇಳ್ತೀನಿ."

ಮುಂದಿನ ಗುರುವಾರ ಆಫೀಸಿಗೆ ರಜೆ ಹಾಕಿ ಹೊರಟರು. ಲಾರಿಗಳ ಸಾಲಿನಲ್ಲಿ ಒಂದೂವರೆ ಗಂಟೆ ಸಿಕ್ಕಿಹಾಕಿಕೊಂಡು, ಹೇಳಬೇಕಾದ ವಾಕ್ಯವನ್ನು ಹತ್ತು ಥರ ಜೋಡಿಸಿಕೊಂಡರು. ಗೋಪಾಲ್ ಗೋಡೌನಿನ ಬಾಗಿಲಿಗೇ ಬಂದು ಕರೆದುಕೊಂಡು ಹೋದ. ಗಾಜಿನ ಸಣ್ಣ ಕೋಣೆ. ಕುರ್ಚಿಯ ಧೂಳನ್ನು ತಾನೇ ಒರೆಸಿ ಕೂರಿಸಿದ. ಚಹಾ ತರಿಸಿದ. ಬಸವರಾಜ್ ವಿಜಿಯ ಮಂಡಿನೋವು ಕೇಳಿದರು, ಮಳೆ ಕೇಳಿದರು, ಶಿಲ್ಲಿಂಗ್ ಬಿದ್ದುಹೋಗಿದ್ದರ ಬಗ್ಗೆ ಮಾತಾಡಿದರು. ಗೋಪಾಲ್ ಎಲ್ಲದಕ್ಕೂ ಚುಟುಕಾಗಿ ಉತ್ತರಿಸಿ, ಅವರ ಮುಖವನ್ನೇ ನೋಡುತ್ತಾ ಕೂತ. ಲೋಟ ಬರಿದಾದಾಗ ಮತ್ತೊಂದು ಚಹಾ ತರಿಸಿದ.

"ಏನೋ ಹೇಳ್ಬೇಕು ಅಂತ ಬಂದ್ರೇನೋ ಸಾರ್?"

"ಅದೇ... ಈ ಸಲ ಕುರ್ಚಿ ಒಂದೈವತ್ತು ಜಾಸ್ತಿ ಬೇಕಾಗುತ್ತೆ ಕಣೋ."

ಗೋಪಾಲ್ ಲೋಟಗಳನ್ನು ಪಕ್ಕಕ್ಕಿಟ್ಟು "ತರಿಸೋಣ ಸಾರ್" ಎಂದ.

ಕಾರಿನಲ್ಲಿ ಕೂತ ಮೇಲೆ ಬಸವರಾಜ್ ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಗೋಡೌನಿನಲ್ಲಿ ಹೇಳುವ ಮಾತಲ್ಲ ಇದು, ಎಲ್ಲರ ಎದುರಿಗೆ ಸುಳ್ಳು ಹೇಳಿದವನು ಎಲ್ಲರ ಎದುರಿಗೇ ಒಪ್ಪಿಕೊಳ್ಳಬೇಕು, ರಾಜ್ಯೋತ್ಸವದ ದಿನ ವೇದಿಕೆಯಲ್ಲೇ ಹೇಳುತ್ತೇನೆ. ಸಮೀಕ್ಷಾಳಿಗೂ ಹಾಗೇ ಹೇಳಿದರು. ಅವಳು ಏನೋ ಹೇಳಲು ಬಾಯಿ ತೆರೆದು, "ಓಕೆ ಅಪ್ಪಾ" ಎಂದಳು ಅಷ್ಟೆ.

ಆ ದಿನ ಹಾಲ್ ತುಂಬಿತ್ತು. ಬಸವರಾಜ್ ಅವರ ಜೇಬಿನಲ್ಲಿ ಬರೆದಿಟ್ಟುಕೊಂಡ ಚೀಟಿಯಿತ್ತು. ವೇದಿಕೆ ಹತ್ತಿ ಭಾಷೆಯ ಬಗ್ಗೆ, ಮನೆಯಲ್ಲಿ ಕನ್ನಡ ಆಡದ ಮಕ್ಕಳ ಬಗ್ಗೆ ಮಾತಾಡಿದರು. ಚೀಟಿ ತೆಗೆಯಬೇಕಾದ ಹೊತ್ತಿಗೆ ಮೊದಲ ಸಾಲಿನಲ್ಲಿದ್ದ ಹೈಕಮಿಷನ್ನಿನ ಅತಿಥಿ ಕಣ್ಣಿಗೆ ಬಿದ್ದರು. "ಇಷ್ಟು ಹೇಳಿ ನನ್ನ ಮಾತು ಮುಗಿಸ್ತೀನಿ" ಎಂದುಬಿಟ್ಟರು.

ಸಂಘದ ಅಧ್ಯಕ್ಷ, ಮಂಗಳೂರಿನ ದಂತವೈದ್ಯ ಫಿಲಿಪ್, ಕೂತಲ್ಲಿಂದಲೇ ಕೂಗಿದರು. "ತಾತನ ಕತೆ ಹೇಳದೆ ಇಳೀಲಿಕ್ಕೆ ಬಿಡುದಿಲ್ಲ ಮಾರಾಯ್ರೆ!" ಜನ ನಕ್ಕರು. ಹಿಂದಿನ ಸಾಲಿನವರು "ತಾತ, ತಾತ" ಎಂದು ಚಪ್ಪಾಳೆ ತಟ್ಟತೊಡಗಿದರು. ಬಸವರಾಜ್ ಮೈಕಿನ ಕಂಬ ಹಿಡಿದು ನಿಂತರು. ಆಮೇಲೆ ಕತೆ ತಾನೇ ಬಾಯಿಂದ ಹೊರಟಿತು, ಹತ್ತೊಂಬತ್ತು ವರ್ಷದಿಂದ ಹೊರಟ ಹಾಗೆಯೇ. ದಸರಾ ಅಧಿವೇಶನ, ದಿವಾನರು, ಜರಿ ಪೇಟಗಳು. ಕೈ ಕೂಡ ಮೇಲೆದ್ದಿತು. 'ನೀರಿಗೆ ಜಾತಿಯಿಲ್ಲ' ಎನ್ನುವ ಹೊತ್ತಿಗೆ ಸಮೀಕ್ಷಾ ಎದ್ದು ಹೊರಗೆ ಹೋಗುವುದು ಕಾಣಿಸಿತು. ಗೋಪಾಲ್ ಏಳಲಿಲ್ಲ. ತಲೆ ಬಗ್ಗಿಸಿ ಕೂತಿದ್ದ. ಚಪ್ಪಾಳೆ ಮುಗಿದ ಮೇಲೆ ಬಂದು ಮೈಕು ಆರಿಸಿದ.

ಮಾರನೇ ದಿನ ಬೆಳಿಗ್ಗೆ ಬಸವರಾಜ್ ಗೋಪಾಲನ ಫ್ಲ್ಯಾಟಿಗೆ ಹೋದರು. ವಿಜಿ ಬಾಗಿಲು ತೆರೆದು, ತಿರುಗಿ ಒಳಗೆ ನಡೆದಳು. ಗೋಪಾಲ್ ಪೇಪರ್ ಓದುತ್ತಿದ್ದ.

"ಗೋಪಾಲ್, ಆ ಮಾತು ನಮ್ಮ ತಾತ ಆಡಿದ್ದಲ್ಲ. ನಿಮ್ಮ ತಾತ ಆಡಿದ್ದು."

"ಗೊತ್ತು ಸಾರ್."

"ಯಾವಾಗಿಂದ?"

"ಹುಟ್ಟಿದಾಗಿಂದ ಅನ್ನಿ. ನಮ್ಮಪ್ಪ ಹೇಳ್ತಾನೇ ಇದ್ದ. ಸಭೆಯಿಂದ ಊರಿಗೆ ಬಂದ ಮೇಲೆ ಆ ಕೊಡದ ಮಾತು ಹಿಡಕೊಂಡು ನಮ್ಮ ತಾತನ್ನ ಆಡಿಕೊಂಡ್ರಂತೆ. ಸಾಯೋವರೆಗೂ ಕೊಡದ ಹನುಮಯ್ಯ ಅಂತಲೇ ಕರೆದ್ರು ಸಾರ್."

ಬಸವರಾಜ್‌ಗೆ ಕೂರಲಾಗಲಿಲ್ಲ. "ಇಷ್ಟು ವರ್ಷ ಯಾಕಪ್ಪ ಸುಮ್ನಿದ್ದೆ?"

"ಮೊದಲನೇ ವರ್ಷ ನಿಮ್ಮ ಹತ್ರ ಬಂದು ಹೇಳ್ಬೇಕು ಅಂತಲೇ ಎದ್ದೆ. ಅಷ್ಟರಲ್ಲಿ ಜನ ಚಪ್ಪಾಳೆ ಹೊಡೆದ್ರು. ನಮ್ಮ ತಾತ ಆ ಮಾತು ಆಡಿದಾಗ ನಕ್ಕಿದ್ರಲ್ಲ ಸಾರ್, ಇಲ್ಲಿ ಇಷ್ಟು ಜನ ಎದ್ದು ನಿಂತು ಚಪ್ಪಾಳೆ ಹೊಡೀತಾರೆ. ಯಾರ ಬಾಯಿಂದ ಬಂದ್ರೇನು, ಮಾತು ಬದುಕ್ತಲ್ಲ ಅನ್ನಿಸ್ತು. ಪ್ರತಿ ವರ್ಷ ಕೇಳೋಕೇ ಬರ್ತಿದ್ದೆ."

"ಕ್ಷಮಿಸಪ್ಪ."

ಗೋಪಾಲ್ ಪೇಪರ್ ಮಡಚಿದ. "ಇಷ್ಟು ದಿನದ್ದಕ್ಕೆ ಕ್ಷಮೆ ಯಾಕೆ ಸಾರ್, ನಿಮಗೆ ಗೊತ್ತಿರಲಿಲ್ಲ. ಆದ್ರೆ ನಿಮ್ಮ ಮಗಳು ಅವತ್ತು ಭಾನುವಾರಾನೇ ಆ ಪುಟ ನಂಗೆ ಕಳಿಸಿದ್ಲು, ಇವರು ನಿಮ್ಮ ತಾತನಾ ಅಂಕಲ್ ಅಂತ. ಅಪ್ಪ ಬಂದು ಮಾತಾಡ್ತಾರೆ ಅಂತಾನೂ ಬರೆದಿದ್ಲು. ನೀವು ಗೋಡೌನಿಗೆ ಬಂದಾಗ ಅದನ್ನೇ ಹೇಳ್ತೀರಿ ಅಂತ ಕಾಯ್ತಾ ಕೂತಿದ್ದೆ. ಎರಡನೇ ಚಹಾ ಯಾಕೆ ತರಿಸ್ದೆ ಅಂದ್ಕೊಂಡ್ರಿ?"

ಗೋಪಾಲ್ ಮಡಚಿದ ಪೇಪರನ್ನು ಪಕ್ಕಕ್ಕಿಟ್ಟ.

"ನೆನ್ನೆ ನೀವು ಗೊತ್ತಿದ್ದೂ ಹೇಳಿದ್ರಿ. ನಾನು ಕೂತಿದೀನಿ ಅಂತ ಗೊತ್ತಿದ್ದೂ ಹೇಳಿದ್ರಿ" ಎಂದ ಗೋಪಾಲ್. ದನಿ ಏರಿಸಲಿಲ್ಲ. ಬಾಗಿಲವರೆಗೂ ಬಂದು ಬೀಳ್ಕೊಟ್ಟ.

ಆ ವಾರವೇ ಬಸವರಾಜ್ ನಡವಳಿಯ ಪುಟಗಳನ್ನೂ ತಮ್ಮ ತಪ್ಪೊಪ್ಪಿಗೆಯನ್ನೂ ಸಂಘದ ಎಲ್ಲರಿಗೂ ವಾಟ್ಸಾಪಿನಲ್ಲಿ ಕಳಿಸಿದರು. ಏಳೆಂಟು ಜನ ಕೈಮುಗಿಯುವ ಚಿತ್ರ ಹಾಕಿದರು. ಒಬ್ಬರು 'ಹಳೇದೆಲ್ಲ ಯಾಕೆ ಸಾರ್ ಈಗ' ಎಂದು ಬರೆದರು. ಫಿಲಿಪ್ ಒಬ್ಬರೇ ಫೋನ್ ಮಾಡಿ, ಕೂಗಿ ಕತೆ ಹೇಳಿಸಿದ್ದು ತಾನಲ್ಲವೇ ಎಂದು ಬಹಳ ಪೇಚಾಡಿಕೊಂಡರು. ಮುಂದಿನ ವರ್ಷ ಆ ಭಾಷಣವನ್ನು ಗೋಪಾಲನೇ ಮಾಡಲೆಂದು ಕೇಳಲು ಅವರೇ ಹೋದರು. ಗೋಪಾಲ್ ನಯವಾಗಿ ಬೇಡವೆಂದ.

ಅವನು ಮತ್ತೆ ಸಂಘಕ್ಕೆ ಬರಲಿಲ್ಲ. ಸಮೀಕ್ಷಾ ಮಾತ್ರ ಅವನ ಮನೆಗೆ ಹೋಗಿ ಬರುತ್ತಾಳೆ. ಚಿಕ್ಕಹನುಮಯ್ಯನವರು ಆ ಸಭೆಯಲ್ಲಿ ಆಡಿದ ಬೇರೆ ಮಾತುಗಳನ್ನೂ ಇಬ್ಬರೂ ಸೇರಿ ಹುಡುಕುತ್ತಿದ್ದಾರೆ: ಶಾಲೆಯ ಬಗ್ಗೆ ಎರಡು, ಬಿಟ್ಟಿ ಚಾಕರಿಯ ಬಗ್ಗೆ ಒಂದು ಸಿಕ್ಕಿವೆಯಂತೆ. ಮನೆಗೆ ಬಂದಾಗ ಅವಳು ಆ ವಿಷಯ ಎತ್ತುವುದಿಲ್ಲ. ಬಸವರಾಜ್‌ಗೆ ಕೇಳಬೇಕೆನಿಸುತ್ತದೆ. ಕೇಳುವುದಿಲ್ಲ.