ಬಣ್ಣ ಹಿಡಿಯದ ಚೂರು

ಪ್ರಯೋಗಾಲಯದಲ್ಲಿ ನನ್ನ ಕೆಲಸ ಸ್ತನದ ಗಂಟಿನಿಂದ ತೆಗೆದ ಚೂರಿಗೆ ಬಣ್ಣ ಹಾಕುವುದು. ಮೂರು ಗಾಜಿನ ಪಟ್ಟಿ, ಮೂರು ಪರೀಕ್ಷೆ. ಕಂದು ಬಣ್ಣ ಹಿಡಿದರೆ ಆ ಗಂಟಿಗೆ ಗುರಿಯಿಟ್ಟು ಕೊಡುವ ಔಷಧಿ ಇದೆ ಎಂದರ್ಥ. ಮೂರರಲ್ಲೂ ಹಿಡಿಯದಿದ್ದರೆ ಅದು ಬೇಗ ಹರಡುವ ಜಾತಿ. ಆ ಔಷಧಿಗಳು ಅದಕ್ಕೆ ನಾಟುವುದಿಲ್ಲ. ಪ್ರತಿ ಗಾಜಿನ ಅಂಚಿನಲ್ಲಿ, ಬಣ್ಣ ಹಿಡಿಯುತ್ತದೆಂದು ಮೊದಲೇ ಗೊತ್ತಿರುವ ಇನ್ನೊಂದು ಚೂರನ್ನೂ ಇಟ್ಟಿರುತ್ತೇವೆ. ಅದೂ ಬಿಳುಚಿಕೊಂಡಿದ್ದರೆ ತಪ್ಪು ನಮ್ಮ ಕೈಯದು.

ಅಂದು ಬಂದದ್ದು ಅತ್ತಿಗೆಯ ಚೂರು. ನಾನು ಸಂಜೆ ಕಾಲೇಜು ಮುಗಿಸಿ ಬರುವವರೆಗೆ ಊಟ ಮಾಡದೆ ಕಾಯುತ್ತಿದ್ದವರು ಅವರು. ಬೀಗ ಹಾಕಿ ಮೂರು ಸಲ ಎಳೆದು ನೋಡುವ ನನ್ನನ್ನು, "ನಿನ್ನ ಕಾಟಕ್ಕೆ ಬೀಗಾನೇ ಕಿತ್ತು ಬರತ್ತೆ ಕಣೇ" ಎಂದು ಆಡಿಕೊಳ್ಳುತ್ತಿದ್ದವರೂ ಅವರೇ.

ಮೂರು ಗಾಜಿನಲ್ಲೂ ಬಣ್ಣ ಹಿಡಿದಿರಲಿಲ್ಲ. ದಿನವೂ ತಪ್ಪಾಗದಿರಲಿ ಎಂದು ಬೇಡುವವಳು, ಅಂದು ತಪ್ಪಾಗಿರಲಿ ಎಂದು ಬೇಡುತ್ತ ಅಂಚಿನತ್ತ ನೋಡಿದೆ. ಅಂಚಿನ ಚೂರುಗಳು ಚೆನ್ನಾಗಿ ಕಂದಾಗಿದ್ದವು.

"ಮೇಡಂ, ನಾನೇ ಏನೋ ಎಡವಟ್ಟು ಮಾಡಿದೀನಿ ಅನ್ಸತ್ತೆ. ಇನ್ನೊಂದ್ಸಲ ಮಾಡ್ಲಾ?"

ವೈದ್ಯೆ ಸೂಕ್ಷ್ಮದರ್ಶಕದಿಂದ ತಲೆಯೆತ್ತದೆ "ಮಾಡು" ಎಂದರು. ಮರುದಿನವೂ ಅದೇ. ಮತ್ತೆ ಕೇಳಿದಾಗ ಕುರ್ಚಿ ತಿರುಗಿಸಿದರು.

"ಅಂಚು ನೋಡಿದ್ಯಲ್ಲ? ನಿನ್ನ ಕೈ ಸರಿಯಾಗೇ ಇದೆ. ನಮ್ಮಲ್ಲಿಗೆ ಬರೋ ನಾಲ್ವರಲ್ಲಿ ಒಬ್ಬರದು ಹೀಗೇ ಇರತ್ತೆ. ಚಿಕಿತ್ಸೆ ತಡ ಆಗೋದು ಬೇಡ."

ಆ ಲೆಕ್ಕ ನನಗೆ ಹೊಸದಲ್ಲ. ವರ್ಷದ ವರದಿಗೆ ಅದನ್ನು ಕೂಡಿಸಿಕೊಟ್ಟವಳು ನಾನೇ.

ಆಸ್ಪತ್ರೆಯಲ್ಲಿ ಅತ್ತಿಗೆಗೆ ವಿಷಯ ತಿಳಿಸಿದ ದಿನ ಸಂಜೆ, ಅವರು ಮನೆಯಲ್ಲಿ ಮಂಚದ ಮೇಲೆ ಕೂತು ಒಣಗಿದ ಬಟ್ಟೆ ಮಡಚುತ್ತಿದ್ದರು.

"ನನ್ನಂಥೋರು ಬೇರೆ ಯಾರಾದ್ರೂ ಇದಾರೇನೇ?"

"ನಾಲ್ವರಲ್ಲಿ ಒಬ್ರು, ಅತ್ತಿಗೆ."

"ಅಷ್ಟೊಂದು ಜನಾನಾ! ನಾನೊಬ್ಬಳೇ ಪಾಪಿ ಅಂದ್ಕೊಂಡಿದ್ದೆ." ಟವೆಲೊಂದನ್ನು ಕೊಡವಿದರು. "ಅವರೆಲ್ಲ ಹುಷಾರಾಗ್ತಾರಾ?"

"ತುಂಬಾ ಜನ ಆಗ್ತಾರೆ. ಕೀಮೋ ಬೇಗ ಶುರು ಮಾಡ್ಬೇಕು, ಅಷ್ಟೇ."

"ಎಲ್ರೂ ಅನ್ನಲಿಲ್ಲ ನೀನು."

ನಾನು ರಾಶಿಯಿಂದ ಒಂದು ಸೀರೆ ಎಳೆದುಕೊಂಡು ಮಡಚತೊಡಗಿದೆ.

"ಹೋಗ್ಲಿ ಬಿಡು. ನೀನು ಸರಿಯಾಗಿ ನೋಡಿದ್ಯಾ?"

"ಎರಡು ಸಲ ನೋಡಿದೆ."

ಅವರ ಕೈ ನಿಂತಿತು. "ಬೀಗಾನೇ ಮೂರು ಸಲ ಎಳೆಯೋಳು ನೀನು. ಎರಡಕ್ಕೇ ಬಿಟ್ಟೆ ಅಂದ್ರೆ ನಿಜಾನೇ ಇರ್ಬೇಕು."

ನಾನು ತಲೆಯಾಡಿಸಿದೆ.

"ಹಾಗಾದ್ರೆ ಸೋಮವಾರಾನೇ ಹೋಗೋಣ" ಎಂದು, ಮಡಚಿದ ಬಟ್ಟೆಯನ್ನು ನನ್ನ ಕೈಗಿಟ್ಟರು.