ಯಾವ ತಪ್ಪಿಗೆ ಅಂತ ಹೇಳ್ರಿ

ಕೊಡದ ಬಾಯಿಗೆ ಎರಡು ಪದರ ಮಾಡಿದ ಬಿಳಿ ಬಟ್ಟೆಯನ್ನು ಸುಗಂಧಾ ಬಿಗಿಯಾಗಿ ಹಿಡಿದಿದ್ದಳು. ತಾಯಿ ರಾಜಮತಿ ಬಾವಿಯ ನೀರನ್ನು ಸಣ್ಣ ಧಾರೆಯಾಗಿ ಸುರಿಯುತ್ತಿದ್ದಳು. ಬೇಡಕಿಹಾಳಕ್ಕೆ ನಳ ಬಂದು ಎಷ್ಟೋ ವರ್ಷವಾದರೂ ಆ ಮನೆಯಲ್ಲಿ ಕುಡಿಯುವುದು ಸೋಸಿದ ಬಾವಿ ನೀರೇ. ಅರ್ಧ ಕೊಡ ತುಂಬುವ ಹೊತ್ತಿಗೆ ಕಟ್ಟೆಯ ಮೇಲಿನ ಫೋನು ಮಿಣುಕಿತು.

'ಉತ್ತಮ ಕ್ಷಮಾ. ತಿಳಿದೋ ತಿಳಿಯದೆಯೋ ತಪ್ಪಾಗಿದ್ದರೆ ಕ್ಷಮಿಸಿ.'

ಕಳಿಸಿದವರು ಭಾವುಸಾಹೇಬರು, ಅವಳ ಸಂಶೋಧನೆಯ ಮಾರ್ಗದರ್ಶಿ. ಆ ದಿನ ಕ್ಷಮಾವಣಿ. ಜೈನರ ಮನೆಗಳಲ್ಲಿ ಎಲ್ಲರೂ ಎಲ್ಲರ ಕ್ಷಮೆ ಕೇಳುವ ದಿನ. ಕೇಳಿದವರಿಗೆ ಇಲ್ಲ ಅನ್ನಬಾರದು.

"ಸಿಟ್ಟು ಬಟ್ಟಿ ಮ್ಯಾಲ ತೀರಿಸಬ್ಯಾಡ. ಹರದೀತು," ಎಂದಳು ರಾಜಮತಿ.

ಸಿಟ್ಟು ಐದು ವರ್ಷದ್ದು. ಕಬ್ಬಿಗೆ ಕೆಂಪು ಕೊಳೆ ರೋಗ ಬಂದರೆ ಜಲ್ಲೆ ಸೀಳಿದಲ್ಲೆಲ್ಲ ಕೆಂಪು, ಹೆಂಡದಂಥ ಹುಳಿ ನಾತ. ಜುಗೂಳದ ಹೊಳೆದಂಡೆಯಲ್ಲಿ ಸುತ್ತಲಿನದೆಲ್ಲ ಕೊಳೆತರೂ ಒಂದು ತಳಿ ಮಾತ್ರ ನಿಂತದ್ದನ್ನು ಕಂಡವಳು ಸುಗಂಧಾ. ಅದರೊಳಗಿನ ಯಾವ ಜೀನ್ ರೋಗ ತಡೆಯುತ್ತದೆ ಎಂದು ಆರು ವರ್ಷ ಪ್ರಯೋಗಾಲಯದಲ್ಲಿ ಕೂತು ಹುಡುಕಿದವಳೂ ಅವಳೇ. ಪ್ರಬಂಧ ಅಚ್ಚಾದಾಗ, ಕೆಲಸ ಮಾಡಿದವರಿಗೆ ಸಲ್ಲಬೇಕಾದ ಮೊದಲ ಹೆಸರು ಭಾವುಸಾಹೇಬರ ಮಗ ನಿಖಿಲನದು, ಕಡೆಯದು ಭಾವುಸಾಹೇಬರದು. ಸುಗಂಧಾ ಇದ್ದದ್ದು ಕೊನೆಯ ಪುಟದ ತಳದಲ್ಲಿ, ಗಾಜಿನ ಸಾಮಾನು ತೊಳೆಯುವವನ ಪಕ್ಕ, 'ಸಹಾಯಕ್ಕೆ ಧನ್ಯವಾದ' ಎಂದು. ನಿಖಿಲ ಕಬ್ಬನ್ನು ಕಂಡದ್ದು ರಸದಂಗಡಿಯ ಗ್ಲಾಸಿನಲ್ಲಿ ಮಾತ್ರ.

ಆ ಪ್ರಬಂಧವನ್ನು ಈವರೆಗೆ ಇನ್ನೂರಾ ಹದಿನಾಲ್ಕು ಬರಹಗಳು ಉಲ್ಲೇಖಿಸಿವೆ. ಸುಗಂಧಾಳ ಹೆಸರಿನ ಎರಡು ಸಣ್ಣ ಪ್ರಬಂಧಗಳಿಗೆ ದಕ್ಕಿದ್ದು ಹನ್ನೊಂದು. ಹೋದ ತಿಂಗಳು ನೌಕರಿಯ ಸಂದರ್ಶನದಲ್ಲಿ ಒಬ್ಬ ಹಿರಿಯರು ಅದೇ ಪ್ರಬಂಧವನ್ನು ಅವಳ ಮುಂದೆ ಸರಿಸಿ, "ಇಂಥಾ ಕೆಲಸ ಮಾಡಬೇಕ್ರಿ ಮೇಡಂ, ಓದಿ ನೋಡ್ರಿ," ಎಂದಿದ್ದರು. ನೌಕರಿ ಬೇರೆಯವರ ಪಾಲಾಯಿತು.

ಪ್ರಬಂಧ ಅಚ್ಚು ಮಾಡಿದ ಪತ್ರಿಕೆಯ ಸಂಪಾದಕರಿಗೆ ಬರೆದ ದೂರಿನ ಪತ್ರ, ತನ್ನ ಕೈಬರಹದ ಪ್ರಯೋಗದ ವಹಿಗಳ ಫೋಟೋ ಸಮೇತ, ಐದು ವರ್ಷದಿಂದ ಫೋನಿನಲ್ಲೇ ಬಿದ್ದಿತ್ತು. ಕಳಿಸಬೇಕೆನ್ನುವಷ್ಟರಲ್ಲಿ ಕ್ಷಮಾವಣಿ ಬರುತ್ತಿತ್ತು. 'ಉತ್ತಮ ಕ್ಷಮಾ' ಎಂದು ಅವಳೂ ಬರೆಯುತ್ತಿದ್ದಳು. ಕ್ಷಮಿಸಿದೆ ಅಂದ ನಾಲಿಗೆಯಿಂದಲೇ ದೂರು ಹೇಳುವುದು ಹೇಗೆಂದು ಮತ್ತೊಂದು ವರ್ಷ ಸುಮ್ಮನಾಗುತ್ತಿದ್ದಳು.

ಈಗ ಭಾವುಸಾಹೇಬರ ಫೋನೇ ಬಂತು. ಒದ್ದೆ ಬೆರಳಲ್ಲಿ ಸ್ಪೀಕರ್ ಒತ್ತಿದಳು.

"ಏನ್ ಸುಗಂಧಾ, ಈ ಸಲ ಉತ್ತರ ಬರಲಿಲ್ಲಲ್ಲ?"

"ಯಾವ ತಪ್ಪಿಗೆ ಅಂತ ನೀವು ಬರದಿಲ್ಲಲ್ರಿ ಸರ್."

ಭಾವುಸಾಹೇಬರು ನಕ್ಕರು. "ಹಂಗ ಬಿಡಿಸಿ ಬಿಡಿಸಿ ಯಾರ ಕೇಳ್ತಾರವಾ? ಪದ್ಧತಿ ಅದು."

"ನೀವು ಬಿಡಿಸಿ ಹೇಳ್ರಿ. ಯಾವ ತಪ್ಪಿಗೆ ಅಂತ ಹೇಳ್ರಿ. ನಾ ಈಗಿಂದೀಗ ಕ್ಷಮಾ ಕೊಡ್ತೀನಿ."

ಭಾವುಸಾಹೇಬರು ಮಾತು ತಿರುಗಿಸಿದರು.

"ಹಳೇದು ಕೆದರಬ್ಯಾಡ. ಐತವಾರ ಅಥಣ್ಯಾಗ ಸಮಾಜದವರು ನಿಖಿಲಗ ಸತ್ಕಾರ ಇಟ್ಕೊಂಡಾರ, ಆ ಪ್ರಬಂಧದ ಸಲುವಾಗಿ. ನೀ ಬಾ. ಅದರ ಬಗ್ಗೆ ನಾಕ ಮಾತು ತಿಳಿಸಿ ಹೇಳಾಕ ನೀನ ಆಗಬೇಕು. ಅವಗ ಅದು ಬರಂಗಿಲ್ಲ."

"ಅವಗ ಬರಂಗಿಲ್ಲ ಅನ್ನೂದು ನನಗೂ ಗೊತ್ತೈತ್ರಿ," ಎಂದು ಸುಗಂಧಾ ಫೋನಿಟ್ಟಳು.

ರಾಜಮತಿ ಕೊಡ ಕೆಳಗಿಟ್ಟಳು. "ಆ ಪತ್ರ ಇಷ್ಟು ವರ್ಷ ಯಾಕ ಇಟ್ಕೊಂಡ ಕುಂತಿ?"

"ನಾ ಕ್ಷಮಾ ಅಂದಿದ್ನಲ್ಲ ಬೇ."

"ಶ್ಯಾಣ್ಯಾಕಿ. ಇಷ್ಟೆಲ್ಲ ಓದಿ ಇದನ್ನ ಕಲತಿ? ಕ್ಷಮಾ ಅಂದ್ರ ವೈರ ಬಿಡೂದು. ಕಳವಿನ ಮಾಲು ಅವರ ಮನ್ಯಾಗ ಇರಲಿ ಅಂತ ಯಾವ ಮುನಿ ಮಹಾರಾಜ್ರು ಹೇಳ್ಯಾರ?"

ರಾಜಮತಿ ಬಟ್ಟೆಯನ್ನು ತೆಗೆದುಕೊಂಡಳು, ಹಿಂಡಲಿಲ್ಲ. ಹಿಂಡಿದರೆ ಅದರಲ್ಲಿ ಉಳಿದ ಸಣ್ಣ ಜೀವಗಳು ಸಾಯುತ್ತವೆ. ಚರಿಗೆಯ ಮೇಲೆ ಮಗುಚಿ ಹಿಡಿದು, ಸೋಸಿದ ನೀರು ಹನಿಸಿ ಅವನ್ನು ಇಳಿಸಿಕೊಂಡಳು.

"ಈ ಜೀವ ಯಾವ ಬಾವೀದೋ ಅದಕ್ಕ ಬಿಡ್ತೀವಿ. ಬ್ಯಾರೆ ಬಾವ್ಯಾಗ ಬಿಟ್ರ ಪಾಪ. ನೀ ನಿನ್ನ ಆರು ವರ್ಷ ಅವರ ಬಾವ್ಯಾಗ ಬಿಟ್ಟು ಕುಂತಿ."

ಸುಗಂಧಾ ಸೆರಗಿಗೆ ಕೈ ಒರೆಸಿಕೊಂಡಳು. ಭಾವುಸಾಹೇಬರ ಸಂದೇಶಕ್ಕೆ ಉತ್ತರ ಬರೆಯಲಿಲ್ಲ. ಹಳೆಯ ಪತ್ರ ತೆರೆದು, ಸಂಪಾದಕರ ಇಮೇಲ್ ವಿಳಾಸದ ಕೆಳಗೆ ಭಾವುಸಾಹೇಬರದನ್ನೂ ಸೇರಿಸಿದಳು. ಭಾನುವಾರದ ಸತ್ಕಾರಕ್ಕೆ ಮುಂಚೆಯೇ ಓದಿಕೊಳ್ಳಲಿ. ಆಮೇಲೆ ಕಳಿಸುವ ಗುಂಡಿ ಒತ್ತಿದಳು.

"ಹೋತೇನ?"

"ಹೋತು."

"ಸಿಟ್ಟು?"

"ಅದು ಇನ್ನೂ ಇಲ್ಲೇ ಐತಿ ಬೇ," ಎಂದು ಸುಗಂಧಾ ಚರಿಗೆ ಎತ್ತಿಕೊಂಡು ಬಾವಿಯ ಕಡೆ ನಡೆದಳು.