ಮರ ಕಾಣಬಾರದು

ನನ್ನ ಗಂಡ ರೂಬೆನ್ ಕಾಗದದ ಮೇಲೆ ಏನನ್ನೂ ಬರೆಯುತ್ತಿರಲಿಲ್ಲ. ಕಾಗದ ಕಳೆದುಹೋಗುತ್ತದೆ, ಹಲಗೆ ಎಲ್ಲಿಗೂ ಹೋಗುವುದಿಲ್ಲ ಎನ್ನುತ್ತಿದ್ದ. ಅವನ ಪುಟ್ಟ ಮಾದರಿ ರೈಲಿನ ಹಲಗೆ ನಮ್ಮ ಗ್ಯಾರೇಜಿನಲ್ಲಿತ್ತು. ಹಳಿ ಹಾಕಿ ಮುಗಿಸಿದ್ದ, ಸೇತುವೆ ಕಟ್ಟಿದ್ದ. ಉಳಿದದ್ದೆಲ್ಲ ಬರಿಯ ಪ್ಲೈವುಡ್. ಅದರ ತುಂಬ ಪೆನ್ಸಿಲ್ ಬರಹ.

ಇಲ್ಲಿ ನೀರಿನ ತೊಟ್ಟಿ. ಇಲ್ಲಿ ಏರು ಹೆಚ್ಚಾಯಿತು, ಡ್ವೈಟ್ ನೋಡಿದರೆ ಬೈಯುತ್ತಾನೆ. ಹಾಲು. ಬಾಗಿಲ ಸ್ಪ್ರಿಂಗು. ಈ ಬಂಡೆ ಬೇಡ. ಬೇಕು.

ಅವನು ತೀರಿಹೋದ ಮೇಲೆ ಒಂದು ದಿನ ಎಡತುದಿಯಿಂದ ಓದುತ್ತ ಬಂದೆ. ಸೇತುವೆಯ ತನಕ ಓದಿ ನಿಲ್ಲಿಸಿದೆ. ಸೇತುವೆಯಾಚೆ ಅಕ್ಷರ ಸಣ್ಣದಾಗಿತ್ತು, ಒತ್ತೊತ್ತಾಗಿತ್ತು, ಬಹಳ ಇತ್ತು. ಅದನ್ನೂ ಓದಿಬಿಟ್ಟರೆ ಅವನು ಹೇಳುವುದೆಲ್ಲ ಮುಗಿಯುತ್ತದೆ ಅನ್ನಿಸಿತು. ಮೇಲೊಂದು ಚಾದರ ಹೊದಿಸಿ ದೀಪ ಆರಿಸಿದೆ. ಚಳಿಗಾಲಕ್ಕೆ ಇರಲಿ ಅಂದುಕೊಂಡೆ. ನಮ್ಮ ಕಡೆಯ ಚಳಿಗಾಲ ಉದ್ದ.

ಒಂದು ಕಾಲಕ್ಕೆ ಈ ಕಣಿವೆಯಲ್ಲಿ ಬೆಟ್ಟದಿಂದ ದಿಮ್ಮಿ ಇಳಿಸಲು, ಗಣಿಯಿಂದ ಅದಿರು ಇಳಿಸಲು ಪುಟ್ಟ ರೈಲುಗಳಿದ್ದವು. ಹಳಿ ಕಿತ್ತು ಗುಜರಿಗೆ ಹೋದ ಮೇಲೆ ಊರಿನ ಗಂಡಸರು ಅವನ್ನೇ ಅಂಗೈಯಗಲಕ್ಕೆ ಇಳಿಸಿ ಮತ್ತೆ ಕಟ್ಟತೊಡಗಿದರು. ಪ್ರತಿಯೊಬ್ಬನದು ಒಂದೊಂದು ಹಲಗೆ. ಸೆಪ್ಟೆಂಬರಿನಲ್ಲಿ ಎಲ್ಲರೂ ಕೌಂಟಿ ಮೈದಾನದಲ್ಲಿ ದನಗಳ ಪ್ರದರ್ಶನ ನಡೆಯುವ ಶೆಡ್ಡಿಗೆ ಹಲಗೆಗಳನ್ನು ತಂದು ತುದಿಗೆ ತುದಿ ಜೋಡಿಸುತ್ತಾರೆ. ಆಗ ಒಬ್ಬನ ಕಾಡಿನಿಂದ ಹೊರಟ ಗಾಡಿ ಇನ್ನೊಬ್ಬನ ಗಣಿಯನ್ನು ದಾಟಿ ಮತ್ತೊಬ್ಬನ ಗರಗಸದ ಮಿಲ್ಲಿಗೆ ಹೋಗುತ್ತದೆ.

ಆಗಸ್ಟಿನಲ್ಲಿ ಓರ್ವಿಲ್ ಮನೆಗೆ ಬಂದ. ಗಣಿಯಲ್ಲಿ ಲಿಫ್ಟು ಓಡಿಸಿ ನಿವೃತ್ತನಾದವನು. ರೂಬೆನ್‌ಗೆ ಈ ಹುಚ್ಚು ಹಿಡಿಸಿದವನು. ಟೋಪಿ ತೆಗೆದು ಕೈಯಲ್ಲಿ ತಿರುಗಿಸುತ್ತ ಬಾಗಿಲಲ್ಲೇ ನಿಂತ.

"ಕೇಳೋಕೆ ನಾಚಿಕೆ ಆಗುತ್ತೆ ಕೋರಾ. ಸೇತುವೆ ತಿರುವು ರೂಬೆನ್‌ದು. ಅದಿಲ್ದೆ ಲೈನು ಕೂಡೋದಿಲ್ಲ."

"ತಗೊಂಡ್ಹೋಗಿ," ಅಂದೆ. "ಭಾನುವಾರ ಸಂಜೆ ನನಗೆ ವಾಪಸ್ ಬೇಕು."

"ಅದು ನಿಂದೇ ಅಲ್ವೇನಮ್ಮ. ಹಾಗಾದ್ರೆ ರೆಡಿ ಮಾಡ್ಲಾ?"

"ಮಾಡಿ."

ರೆಡಿ ಮಾಡುವುದೆಂದರೆ ಕಂಬಳಿ ಸುತ್ತಿ, ಹಗ್ಗ ಬಿಗಿದು, ಅವನ ಗಾಡಿಗೆ ಏರಿಸುವುದು ಎಂದು ನಾನು ತಿಳಿದೆ. ಹಾಗೇ ಏರಿಸಿಕೊಂಡೂ ಹೋದ.

*

ಶನಿವಾರ ಬೆಳಿಗ್ಗೆ ನಾನು ಹೋದಾಗ ಶೆಡ್ಡಿನಲ್ಲಿ ಕಾಫಿ ಮತ್ತು ಹಳೆಯ ಹುಲ್ಲಿನ ವಾಸನೆ. ಬಾಗಿಲ ಬಳಿ ಓರ್ವಿಲ್‌ನ ಹೆಂಡತಿ ಗ್ಲೆನ್ನಾ ಹಕಲ್‌ಬೆರಿ ಹಣ್ಣಿನ ಪೈ ಕೊಯ್ಯುತ್ತಿದ್ದಳು. ನಾನು ಬೇಡವೆನ್ನುವ ಮೊದಲೇ ಒಂದು ತುಂಡನ್ನು ತಟ್ಟೆಗೆ ಹಾಕಿ ಕೈಗಿತ್ತಳು.

"ತಿನ್ನು. ಮೂಳೆ ಕಾಣ್ತಾ ಇದೆ ನಿಂಗೆ."

ಒಳಗೆ ಗಂಡಸರು ಹಲಗೆಗಳ ಕೆಳಗೆ ಮಲಗಿ ತಂತಿ ಸೇರಿಸುತ್ತಿದ್ದರು. ಗಣಿಯವರಿಗೂ ದಿಮ್ಮಿಯವರಿಗೂ ಎಂದಿನ ಜಗಳ ನಡೆದಿತ್ತು.

"ನಿಮ್ಮ ಬೆಟ್ಟದಲ್ಲಿ ಒಂದು ಕಡ್ಡಿ ಹಸಿರಿಲ್ವಲ್ಲೋ. ಗಣಿಯೋ, ಬೋಳು ತಲೆಯೋ?"

"ಇದ್ದ ಮರ ಎಲ್ಲಾ ಕಡಿದೋರು ಯಾರು? ನಿಮ್ಮ ತಾತಂದಿರು."

"ಕೊಂಡ್ಕೊಂಡು ಸುರಂಗಕ್ಕೆ ಕಂಬ ಕೊಟ್ಟೋರು ನಿಮ್ಮ ತಾತಂದಿರು."

ಅವರ ನಡುವೆ ಡ್ವೈಟ್ ಓಡಾಡುತ್ತಿದ್ದ. ಹಿಂದೆ ಹಲ್ಲಿನ ಡಾಕ್ಟರು. ಆ ಕೆಲಸದ ಭೂತಗನ್ನಡಿಯನ್ನು ಈಗಲೂ ಹಣೆಗೆ ಕಟ್ಟಿಕೊಂಡಿರುತ್ತಾನೆ. ಅದನ್ನು ಕಣ್ಣಿಗೆ ಇಳಿಸಿ ಒಬ್ಬೊಬ್ಬರ ಹಲಗೆಯ ಮೇಲೂ ಬಾಗಿ, ಇಲ್ಲಿ ಸ್ಲೀಪರಿಗೆ ಮೊಳೆಯಿಲ್ಲ, ಈ ಇಂಜಿನ್ನಿಗೆ ಆ ಕಾಲದಲ್ಲಿ ಇಂಥ ದೀಪ ಇರಲಿಲ್ಲ ಎನ್ನುತ್ತಾನೆ.

"ಬಾಯಿ ತೆರೀರಿ, ಡಾಕ್ಟ್ರು ಬಂದ್ರು," ಅಂದ ಒಬ್ಬ ಹಲಗೆಯ ಕೆಳಗಿನಿಂದ.

"ನಗು ನೀನು. ನೀನು ಸತ್ತ ಮೇಲೆ ಇದನ್ನೆಲ್ಲ ಯಾರು ಕೊಳ್ತಾರೆ?"

"ನಂಗಿರೋದು ಅದೊಂದೇ ಭಯ. ನಾನು ಸತ್ತ ಮೇಲೆ ಇಂಜಿನ್ನುಗಳನ್ನ ನನ್ನ ಹೆಂಡತಿ, ನಾನು ಅವಳಿಗೆ ಹೇಳಿದ ಬೆಲೆಗೇ ಮಾರ್ಬಿಟ್ರೆ—" ಎಂದು ತಲೆ ಹೊರಗೆ ಹಾಕಿದವನಿಗೆ ನನ್ನ ಬೂಟು ಕಾಣಿಸಿತು. ಮತ್ತೆ ಹಲಗೆಯ ಕೆಳಗೆ ಸರಿದ.

ಪ್ರತಿ ವರ್ಷ ಯಾರಾದರೂ ಹೇಳುವ ಮಾತು ಅದು. ನಾನು ನಕ್ಕೆ. ಸ್ವಲ್ಪ ತಡವಾಯಿತು. ಈಗೀಗ ನನಗೆ ಎಲ್ಲವೂ ತಡವಾಗಿ ತಲುಪುತ್ತದೆ.

ಓರ್ವಿಲ್ ನನ್ನ ತೋಳು ಹಿಡಿದು ಶೆಡ್ಡಿನ ಮೂಲೆಗೆ ಕರೆದುಕೊಂಡು ಹೋದ. ಹತ್ತಾರು ಜನ ಹಿಂದೆ ಬಂದರು. ಲೈನು ತಿರುಗುವ ಜಾಗದಲ್ಲಿ ಒಂದು ಹಲಗೆಗೆ ಬಟ್ಟೆ ಮುಚ್ಚಿತ್ತು. ಚಾದರ ನನ್ನದೇ.

"ಒಂದೊಂದು ಸಂಜೆ ಒಬ್ಬೊಬ್ರು ಬಂದು ಕೂತ್ವಿ," ಅಂದ ಓರ್ವಿಲ್. "ಯಾರೂ ಬರಲ್ಲ ಅನ್ಲಿಲ್ಲ. ಅವನಿದ್ದಿದ್ರೆ ಹೇಗೆ ಮಾಡ್ತಿದ್ನೋ ಹಾಗೇ ಮಾಡಿದೀವಿ."

ಚಾದರ ಎಳೆದ.

ಅಲ್ಲೊಂದು ಬೆಟ್ಟವಿತ್ತು. ಪೈನ್ ಮರಗಳು, ಕಡಿದ ಬುಡಗಳು, ಬುಡದ ಮೇಲೆ ಗರಗಸ ಆಡಿದ ಗೀರು. ಸೇತುವೆಯ ಕೆಳಗೆ ತೊರೆ. ತೊರೆಯಲ್ಲಿ ತಡೆದು ನಿಂತ ಒಂದು ದಿಮ್ಮಿ, ಅದರ ಒದ್ದೆ ಬದಿಗೆ ಪಾಚಿ. ಸೇತುವೆಯಾಚೆ ಸಮತಟ್ಟಾದ ಜಾಗದಲ್ಲಿ ಬೆರಳುಗುರಿನಷ್ಟು ಎತ್ತರದ ಒಬ್ಬ ಮನುಷ್ಯ, ಕಿತ್ತಳೆ ಬಣ್ಣದ ಅಂಗಿ, ಮುಂದೆ ಅಳತೆಯ ಮುಕ್ಕಾಲಿ. ರೂಬೆನ್ ಕಾಡಿನ ರಸ್ತೆಗಳನ್ನು ಅಳೆಯುವ ಕೆಲಸದಲ್ಲಿದ್ದ. ಏಪ್ರಿಲಿನಲ್ಲಿ ಹಾಗೆ ಅಳೆಯುತ್ತ ನಿಂತಿದ್ದಾಗಲೇ ಮೇಲಿನ ಇಳಿಜಾರು ಜಾರಿ ಅವನ ಮೇಲೆ ಬಿತ್ತು.

ಹಲಗೆಯ ಮರ ಎಲ್ಲೂ ಕಾಣುತ್ತಿರಲಿಲ್ಲ.

"ಟೋಪಿ ಬಣ್ಣ ಸರಿ ಇದೆಯಾ?" ಓರ್ವಿಲ್ ಕೇಳಿದ. "ಹಸಿರು ಅಂತ ಗ್ಲೆನ್ನಾ ಹೇಳಿದ್ಲು."

"ಸರಿ ಇದೆ."

"ರೆಡಿ ಮಾಡು ಅಂದ್ಯಲ್ಲ, ಅವತ್ತು ಗಾಡೀಲಿ ಕೂತು ಅತ್ತೆ ನಾನು. ನೀನು ಒಪ್ಪಲ್ಲ ಅಂದ್ಕೊಂಡಿದ್ದೆ."

ಆಗ ನನಗೆ ಅರ್ಥವಾಯಿತು. ಇವರ ಬಾಯಲ್ಲಿ ಹಲಗೆ 'ರೆಡಿ' ಆಗುವುದೆಂದರೆ ಮಣ್ಣು, ಗಿಡ, ಹುಲ್ಲು ಕೂತು ಹಲಗೆಯ ಮರ ಪೂರ್ತಿ ಮುಚ್ಚುವುದು. ಈ ಕೂಟಕ್ಕೆ ಇರುವ ಕಟ್ಟಳೆ ಅದೊಂದೇ: ಬಂದವರಿಗೆ ಮರ ಕಾಣಬಾರದು. ರೂಬೆನ್‌ನೇ ನಗುತ್ತ ಎಷ್ಟೋ ಸಲ ಹೇಳಿದ್ದ. ಆದರೂ ಅವತ್ತು ಬಾಗಿಲಲ್ಲಿ ನಿಂತು ಆ ಮಾತು ಕೇಳಿದಾಗ ನನಗೆ ಬರಿಯ ಕಂಬಳಿ ನೆನಪಾಗಿತ್ತು.

ನಾನು ಬಾಗಿ ನೋಡಿದೆ. ಸೇತುವೆಯಾಚೆಯ ನೆಲ ಹಳದಿ ಮಿಶ್ರಿತ ಬೂದು. ಅದರಲ್ಲಿ ಅಭ್ರಕದ ಹೊಳಪು. ನನ್ನ ಕೆಲಸ ಮಣ್ಣಿನದು. ಹಳೆಯ ಸೀಸದ ಗಣಿಗಳ ಊರು ಇದು. ಜನ ತಮ್ಮ ಅಂಗಳದ ಮಣ್ಣನ್ನು ಸೀಸೆಯಲ್ಲಿ ತುಂಬಿ ಕೌಂಟಿಯ ಪ್ರಯೋಗಾಲಯಕ್ಕೆ ಕಳಿಸುತ್ತಾರೆ, ಸೀಸ ಇದೆಯೇ ಎಂದು ನಾನು ಪರೀಕ್ಷಿಸುತ್ತೇನೆ. ಈ ಮಣ್ಣನ್ನು ಪರೀಕ್ಷಿಸಬೇಕಾಗಿರಲಿಲ್ಲ. ಶೆರಿಫ್ ಕಚೇರಿಯ ಪೊಲೀಸರು ರೂಬೆನ್‌ನ ಬೂಟುಗಳನ್ನು ಚೀಲದಲ್ಲಿ ಹಾಕಿ ಕೊಟ್ಟಿದ್ದರು. ಅವುಗಳ ತುಂಬ ಇದೇ ಇತ್ತು.

"ಮಣ್ಣು ಎಲ್ಲಿಂದ ತಂದ್ರಿ?"

ಓರ್ವಿಲ್‌ನ ಮುಖ ಅರಳಿತು. ಡ್ವೈಟ್ ಕಡೆ ತಿರುಗಿ, "ನಾ ಹೇಳ್ಲಿಲ್ವಾ, ಅವಳು ಕಂಡುಹಿಡೀತಾಳೆ ಅಂತ," ಅಂದ. "ಅಂಗಡಿ ಮಣ್ಣಲ್ಲಮ್ಮ ಇದು. ಅಲ್ಲಿಂದಾನೇ. ನಾನೂ ಇವನೂ ಹತ್ತಿ ಹೋಗಿ ತಂದ್ವಿ."

"ಮಂಡಿ ನೋವು ಇನ್ನೂ ಹೋಗಿಲ್ಲ," ಅಂದ ಡ್ವೈಟ್.

"ಓವನ್ನಲ್ಲಿ ಹುರಿದು, ನೈಲಾನ್ ಕಾಲುಚೀಲದಲ್ಲಿ ಜರಡಿ ಹಿಡಿದು, ಆಯಸ್ಕಾಂತ ಆಡಿಸಿ ಕಬ್ಬಿಣ ತೆಗೆದು—"

"ನನ್ನ ಓವನ್ನು," ಗ್ಲೆನ್ನಾ ಹಿಂದಿನಿಂದ ಹೇಳಿದಳು. "ನನ್ನ ಕಾಲುಚೀಲ. ವಾರವೆಲ್ಲ ಮನೇಲಿ ಅದೇ ವಾಸನೆ."

ಜನ ನಕ್ಕರು. ಅವರ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಇವರ ಪಾಲಿಗೆ ಆ ಜಾಗದ್ದೇ ಮಣ್ಣನ್ನು ತಂದು ಹಾಕುವುದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ. ಅದು ನನಗೂ ಗೊತ್ತಿತ್ತು.

ಸತ್ತವನ ಹಲಗೆಯ ಮೇಲೆ ಮೊದಲ ಗಾಡಿಯನ್ನು ಮನೆಯವರು ಓಡಿಸಬೇಕು, ಸೇತುವೆಗೆ ಮುಂಚೆ ಎರಡು ಸಲ ಉದ್ದಕ್ಕೆ ಸಿಳ್ಳೆ ಹಾಕಬೇಕು ಎಂಬುದು ಇಲ್ಲಿಯ ವಾಡಿಕೆ. ಓರ್ವಿಲ್ ರಿಮೋಟನ್ನು ನನ್ನ ಕೈಗೆ ಕೊಟ್ಟ. ಪಕ್ಕದ ಹಲಗೆಯಿಂದ ಕಪ್ಪು ಇಂಜಿನ್ನೊಂದು ದಿಮ್ಮಿ ಹೇರಿದ ಗಾಡಿಗಳನ್ನು ಎಳೆಯುತ್ತ ಬಂತು. ಹಲ್ಲುಚಕ್ರದ ಇಂಜಿನ್ನು, ಸದ್ದು ಬಹಳ, ಓಟ ಕಡಿಮೆ. ಎರಡು ಸಲ ಸಿಳ್ಳೆ ಹಾಕಿದೆ. ಗಾಡಿ ಸೇತುವೆಯ ಮೇಲೆ ಬಂತು. ಅಲ್ಲೇ ನಿಲ್ಲಿಸಿದೆ.

"ಮುಂದೆ ಹೋಗ್ಲಿ, ಹಳಿ ಸರಿ ಇದೆ," ಅಂದ ಡ್ವೈಟ್.

"ಸೋಪಿನ ನೀರು ಇದೆಯಾ?"

ಯಾರೋ ಸ್ಪ್ರೇ ಬಾಟಲಿ ಕೊಟ್ಟರು. ಧೂಳು ಕೂರಿಸಲು ಕೇಳಿದೆನೆಂದುಕೊಂಡಿರಬೇಕು. ಪಾತ್ರೆ ತೊಳೆಯುವ ಸೋಪನ್ನು ಒಂದು ಹನಿ ಬೆರೆಸಿದ ನೀರು ಬಿದ್ದರೆ, ಮಣ್ಣನ್ನು ಹಿಡಿದಿಟ್ಟ, ಒಣಗಿದ ಬಿಳಿ ಅಂಟು ಮತ್ತೆ ಮೆತ್ತಗಾಗುತ್ತದೆ. ಇದು ಇಲ್ಲಿರುವ ಎಲ್ಲರಿಗೂ ಗೊತ್ತು. ನನಗೆ ರೂಬೆನ್ ತೋರಿಸಿಕೊಟ್ಟಿದ್ದ. ಸೇತುವೆಯಾಚೆಯ ನೆಲಕ್ಕೆ ಹೊಡೆದೆ. ನಿಂತೆ. ಮತ್ತೆ ಹೊಡೆದೆ. ಮಣ್ಣು ಕಪ್ಪಾಯಿತು.

ಮೊದಲು ಅರ್ಥ ಮಾಡಿಕೊಂಡವನು ಡ್ವೈಟ್. "ಕೋರಾ, ಅದು ಎದ್ದು ಬರುತ್ತೆ."

"ಬರ್ಲಿ."

ಅವನ ಜೇಬಿನಿಂದ ಪುಟ್ಟಿ ಹಚ್ಚುವ ಚಪ್ಪಟೆ ಅಲಗನ್ನು ತೆಗೆದುಕೊಂಡೆ. ತಡೆಯಲು ಅವನಿಗೆ ತೋಚಲಿಲ್ಲ. ಕಿತ್ತಳೆ ಅಂಗಿಯವನನ್ನು ಎತ್ತಿ ಪಕ್ಕಕ್ಕಿಟ್ಟೆ. ಅಲಗನ್ನು ಮಣ್ಣಿನಡಿಗೆ ತೂರಿಸಿ ಎತ್ತಿದೆ. ದೋಸೆಯ ಹಾಗೆ ಎದ್ದು ಬಂತು.

ಕೆಳಗೆ ಕಂದು ಬಣ್ಣವಿತ್ತು. ಹೊಳಪಿಲ್ಲದ, ದಪ್ಪನೆಯ, ಎಲ್ಲ ಕಡೆಗೂ ಒಂದೇ ಸಮನಾದ ಕಂದು. ಅಲಗಿನ ಮೂಲೆಯಿಂದ ಅದನ್ನೂ ಕೆರೆದೆ. ಅದರ ಕೆಳಗೆ ಮರವಿತ್ತು. ಹೊಸದಾಗಿ ಕಂಡಿತು.

"ಇಲ್ಲಿ ಬರೆದಿತ್ತು," ಅಂದೆ.

"ಗೀಟು, ಗೀಚು ಇತ್ತು," ಅಂದ ಓರ್ವಿಲ್. "ಪೆನ್ಸಿಲ್ಲು ಬಣ್ಣದ ಮೂಲಕ ಮೇಲೆ ಬರುತ್ತೆ. ಅದಕ್ಕೆ ಮೊದಲು ಉಪ್ಪುಕಾಗದ ಹಾಕಿ ಉಜ್ಜಿದ್ವಿ." ಅವನ ದನಿ ಇಳಿಯುತ್ತ ಹೋಯಿತು. "ಹಾಗೇ ಮಾಡ್ಬೇಕು. ಎಲ್ಲರೂ ಹಾಗೇ ಮಾಡೋದು."

"ಓದಿದ್ರಾ?"

ನಾನು ಡ್ವೈಟ್ ಕಡೆ ನೋಡಿದೆ.

"ನಾನು ಕನ್ನಡಕ ಹಾಕಿರ್ಲಿಲ್ಲ," ಅಂದ. ಭೂತಗನ್ನಡಿ ಅವನ ಹಣೆಯ ಮೇಲೇ ಇತ್ತು.

"ಫೋಟೊ ತೆಗೆದ್ರಾ?"

"ಮರ ಕಾಣೋ ಹಲಗೆ ಫೋಟೊ ಯಾರು ತೆಗೀತಾರೆ."

ನಾನೂ ತೆಗೆದಿರಲಿಲ್ಲ. ಅದು ಗ್ಯಾರೇಜಿನಲ್ಲೇ ಇತ್ತಲ್ಲ.

ಓರ್ವಿಲ್ ನೆಲ ನೋಡುತ್ತ ಹೇಳಿದ: "ಒಂದ್ಕಡೆ ನಿನ್ನ ಹೆಸರಿತ್ತು. ತಿರುವಿನ ಹತ್ರ. 'ಕೋರಾನ ಕೇಳಬೇಕು' ಅಂತ."

"ಏನು ಕೇಳಬೇಕು?"

"ಅದರ ಮುಂದೆ ಉದ್ದಕ್ಕೆ ಇತ್ತು ಕಂದ. ನಾನು ಉಜ್ಜುತ್ತಾ ಇದ್ದೆ. ಅಷ್ಟೇ ನೆನಪು."

ಅಲಗನ್ನು ಡ್ವೈಟ್‌ಗೆ ವಾಪಸ್ ಕೊಟ್ಟೆ. ಗುಂಪಿನ ಹಿಂದಿನವರಿಗೆ ಏನಾಯಿತೆಂದು ತಿಳಿದಿರಲಿಲ್ಲ. ಒಬ್ಬ ಚಪ್ಪಾಳೆ ತಟ್ಟಲು ಶುರುಮಾಡಿ ನಿಲ್ಲಿಸಿದ. ಗ್ಲೆನ್ನಾ ಟವೆಲ್ಲು ತಂದು ನನ್ನ ಕೈ ಒರೆಸಿದಳು. "ಕೇಳೋಣ ಅಂದೆ ನಾನು ಇವರಿಗೆ," ಅಂದಳು ಮೆಲ್ಲಗೆ. "ಸರ್‌ಪ್ರೈಸ್ ಇರ್ಲಿ ಅಂದ್ರು." ಆಮೇಲೆ ಹೊರಗೆ ಬೆಂಚಿನ ಮೇಲೆ ಕೂರಿಸಿ ಕಾಫಿ ಕೊಟ್ಟಳು. ಕುಡಿದೆ. ತಣ್ಣಗಾಗಿತ್ತು.

ರೂಬೆನ್ ನನ್ನನ್ನು ಏನೂ ಕೇಳುತ್ತಿರಲಿಲ್ಲ. ಹಾಲು ಬೇಕೇ, ಕಿಟಕಿ ಮುಚ್ಚಲೇ, ಇಷ್ಟೇ. ಕೂತಲ್ಲೇ ಹುಡುಕಿದೆ, ಅವನು ಕೇಳದೆ ಬಿಟ್ಟ ಪ್ರಶ್ನೆಗಳನ್ನು. ಬಹಳ ಇದ್ದವು. ಎಲ್ಲದಕ್ಕೂ ನನ್ನ ಬಳಿ ಉತ್ತರವಿತ್ತು.

*

ಮಧ್ಯಾಹ್ನದ ಹೊತ್ತಿಗೆ ಅವರು ಅದನ್ನು ಸರಿಮಾಡಿದ್ದರು. ಓರ್ವಿಲ್‌ನ ಗಾಡಿಯಲ್ಲಿ ಒಂದು ಕಾಫಿ ಡಬ್ಬಿ ತುಂಬ ಅದೇ ಮಣ್ಣು ಉಳಿದಿತ್ತಂತೆ. ಭಾನುವಾರ ಎಲ್ಲರೂ ಮತ ಹಾಕಿದರು, ರೂಬೆನ್‌ನ ಹಲಗೆಗೆ ಮೊದಲ ಸ್ಥಾನ ಬಂತು. ದಿಮ್ಮಿಯವರೂ ಗಣಿಯವರೂ ಒಂದೇ ಕಡೆ ಮತ ಹಾಕಿದ್ದು ಇದೇ ಮೊದಲು ಎಂದು ಯಾರೋ ಹೇಳಿದರು. ನಾನು ಹೋಗಿ ಬಾಗಿ ನೋಡಿದೆ. ಎಲ್ಲಿ ಕೆದಕಿದ್ದೆನೆಂದು ಗುರುತೇ ಸಿಗಲಿಲ್ಲ. ಕಿತ್ತಳೆ ಅಂಗಿಯವನು ತನ್ನ ಜಾಗಕ್ಕೆ ಮರಳಿದ್ದ.

ಸಂಜೆ ಹಲಗೆಗಳನ್ನು ಬಿಚ್ಚುವಾಗ ಓರ್ವಿಲ್ ನನ್ನ ಗಾಡಿಯ ಬಳಿ ಬಂದ. ಟೋಪಿ ಕೈಯಲ್ಲಿತ್ತು.

"ಕಂಬಳಿ ಸುತ್ತಿ, ಹಗ್ಗ ಬಿಗಿದು ರೆಡಿ ಮಾಡಿದೀವಿ. ಹಿಂದೆ ಹಾಕ್ಲಾ?"

"ಬೇಡ."

ಅವನು ನನ್ನ ಮುಖವನ್ನೇ ನೋಡಿದ. "ಇಲ್ಲೇ ಇರ್ಲಿ ಅಂತೀಯಾ? ನಮ್ಮ ಹತ್ರ?"

"ಲೈನು ಕೂಡಬೇಕಲ್ಲ."

ಅವನ ಕಣ್ಣು ತುಂಬಿ ಬಂತು. ನನ್ನ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡು, "ದೊಡ್ಡ ಮನಸ್ಸು ನಿಂದು. ಅವನೂ ಹಾಗೇ ಇದ್ದ," ಅಂದ. ಅವನ ಉಗುರುಗಳ ಸಂದಿಯಲ್ಲಿ ಆ ಮಣ್ಣಿತ್ತು. ಬಿಡಿಸಿಕೊಂಡು ಸ್ಟೀರಿಂಗ್ ಹಿಡಿದಾಗ ನೋಡಿದೆ, ನನ್ನದರಲ್ಲೂ ಇತ್ತು.